ಜಿಲೇಬಿ ಮೀನಿನ ಮರಿಗಳು

ತಮಿಳು ಸೀಮೆಯ ಹನುಮಂತನಪಟ್ಟಿಯ ನಮ್ಮ ದ್ರಾಕ್ಷಿ ತೋಟದ ಹೊಂಡಕ್ಕೆ ಮೀನು ಬಿಡುವ ಯೋಚನೆ ನನ್ನ ಗಂಡನದು. ಹೇಗೂ ನೀರು ನಿಂತೇ ಇರುತ್ತದೆ, ಮನೆ ಊಟಕ್ಕಾದರೂ ಆಗಲಿ ಎಂದು ರೋಹು, ಕಾಟ್ಲಾ ಮರಿ ತರಿಸಿದರು. ಎರಡೂ ಉತ್ತರದ ದೊಡ್ಡ ನದಿಗಳ ಮೀನು. ನಿಂತ ನೀರಲ್ಲಿ ಇವು ಮರಿ ಮಾಡುವುದಿಲ್ಲ, ತಿಂದು ಮುಗಿದರೆ ಮತ್ತೆ ನನ್ನ ಹತ್ತಿರವೇ ಬರಬೇಕು ಎಂದು ಮರಿ ಮಾರುವವನು ತಮಿಳಿನಲ್ಲಿ ಹೇಳಿ ನಕ್ಕ. ಮುನ್ನಾರ್ ಕಡೆಯ ತೊರೆಗಳಿಗೆ ಬಿಳಿಯರು ತಂದು ಬಿಟ್ಟ ಟ್ರೌಟ್ ಮೀನಿಗೂ ಇವತ್ತಿಗೂ ಮನುಷ್ಯರೇ ಮೊಟ್ಟೆ ಹಿಂಡಿ ತೆಗೆದು ಮರಿ ಮಾಡಿಸಬೇಕಂತೆ.

ಮಾವ ತೀರಿಕೊಂಡ ಮೇಲೆ ಅತ್ತೆ ತೋಟದ ಕಡೆ ಬಂದಿರಲಿಲ್ಲ. ಮೀನಿಗೆ ತೌಡು ಹಾಕಲು ಒಬ್ಬರು ಬೇಕು ಎಂದು ನಾನೇ ಕರೆದೆ. ಮೊದಲ ದಿನ ಮುಖ ಗಂಟಿಕ್ಕಿಕೊಂಡು ಬಂದರು. ಆಮೇಲಾಮೇಲೆ ನಾನು ಹೊರಡುವ ಮೊದಲೇ ತೌಡಿನ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು.

ಬೇಸಿಗೆಯ ಒಂದು ಸಂಜೆ ಹೊಂಡದ ಕಡೆಯಿಂದ ಕೂಗಿದರು. “ತಾಯೀ, ಓಡಿ ಬಾ! ಮೀನು ಈದೈತೆ!”

ದಡದ ಹತ್ತಿರ ಪುಟ್ಟ ಮರಿಗಳ ಹಿಂಡು. ನಾನು ಬಗ್ಗಿದೆ, ನೆರಳು ನೀರಿಗೆ ಬಿದ್ದದ್ದೇ ತಡ, ತಾಯಿ ಮೀನು ಬಾಯಿ ತೆರೆಯಿತು, ಅಷ್ಟೂ ಮರಿಗಳು ಒಳಗೆ ನುಗ್ಗಿದವು.

“ಅಯ್ಯೋ, ತಿಂದ್‌ಬುಡ್ತು!” ಅತ್ತೆ ಎದೆ ಹಿಡಿದುಕೊಂಡರು.

ಕದಲದೆ ಕೂತೆವು. ಸ್ವಲ್ಪ ಹೊತ್ತಿಗೆ ಮೀನು ಮರಿಗಳನ್ನೆಲ್ಲ ಹೊರಗೆ ಬಿಟ್ಟಿತು. ಅತ್ತೆ ಬಾಯಿ ಮೇಲೆ ಕೈಯಿಟ್ಟು ಮಗುವಿನಂತೆ ನಕ್ಕರು. ಆ ನಗು ಕೇಳಿ ತುಂಬ ಕಾಲವಾಗಿತ್ತು.

ಗಂಡ ಬಂದು ನೋಡಿ ಅದು ರೋಹು ಅಲ್ಲ, ಜಿಲೇಬಿ, ಅಂದರೆ ತಿಲಾಪಿಯಾ ಮೀನು ಎಂದರು. ಕಾಲುವೆ ನೀರಿನ ಜೊತೆ ಹೊಂಡಕ್ಕೆ ಸೇರಿತ್ತು. ಅದೂ ಆಫ್ರಿಕಾದಿಂದ ತಂದ ಮೀನೇ. ಆದರೆ ವೈಗೈ ಅಣೆಕಟ್ಟಿನಿಂದ ಊರ ಕೆರೆಯವರೆಗೆ ಎಲ್ಲೆಲ್ಲೂ ಅದೇ ತುಂಬಿರುವುದರಿಂದ ನಮ್ಮ ಕಡೆ ಯಾರೂ ಅದನ್ನು ಹೊರಗಿನದು ಅನ್ನುವುದಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಹೊಂಡ ಜಿಲೇಬಿಮಯವಾಯಿತು. ಹಾಕಿದ ತೌಡೆಲ್ಲ ಅವಕ್ಕೇ. ರೋಹು ಬೆಳೆಯಲೇ ಇಲ್ಲ. ಹೊಂಡ ಬತ್ತಿಸುತ್ತೇನೆ ಎಂದರು ಗಂಡ.

“ಕಾಸು ಕೊಟ್ಟು ತಂದದ್ದು ಬೆಳೀಲಿಲ್ಲ, ತಾನಾಗಿ ಬಂದದ್ದು ಬೆಳೀತು. ಅದ್ಕೆ ಅದ್ರ ಮ್ಯಾಲೆ ಯಾಕಪ್ಪಾ ಕೋಪ?” ಎಂದರು ಅತ್ತೆ.

ಗಂಡ ಕೇಳಲಿಲ್ಲ. ನೀರು ಹೊರಹಾಕಿ ಮೀನೆಲ್ಲ ಹಿಡಿದು ಅಕ್ಕಪಕ್ಕದ ತೋಟದವರಿಗೆ ಹಂಚಿದೆವು. ತಳದ ಕೆಸರು ಬಿರುಕು ಬಿಡುವವರೆಗೆ ಒಣಗಿಸಿದೆವು. ಮತ್ತೆ ಕಾಲುವೆಗೆ ನೀರು ಬಿಟ್ಟಾಗ ಜಿಲೇಬಿ ನುಗ್ಗದಂತೆ ಪೈಪಿನ ಬಾಯಿಗೆ ಹಳೇ ಪಂಚೆ ಕಟ್ಟಿ ತುಂಬಿಸಿ, ಹೊಸ ರೋಹು ಮರಿ ಬಿಟ್ಟೆವು. ಕೆಲವು ತಿಂಗಳಿಗೆ ದಡದಲ್ಲಿ ಮತ್ತೆ ಜಿಲೇಬಿ ಮರಿ! ಗಂಡ ಪೈಪಿಗೆ ಕಟ್ಟಿದ್ದ ಪಂಚೆ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರು. ಎಲ್ಲೂ ಹರಿದಿರಲಿಲ್ಲ.

ಊಟಕ್ಕೆ ಕೂತಾಗ ಅತ್ತೆ ತಾವಾಗಿಯೇ ಹೇಳಿದರು. “ನಾನೇ ಬುಟ್ಟೆ ಕಣಪ್ಪಾ. ಹೊಂಡ ಬತ್ತಿಸಿದ ದಿನ ಒಂದು ಮೀನು ಬಾಯ್ ತುಂಬ ಮೊಟ್ಟೆ ಇಟ್ಕಂಡಿತ್ತು. ಹೊಂಡ ತುಂಬೋವರ್ಗೂ ಅದನ್ನ ಹಸು ನೀರು ಕುಡಿಯೋ ತೊಟ್ಟೀಲಿ ಹಾಕಿದ್ದೆ.”

“ಒಂದು ಮಾತು ಹೇಳಬಾರ್ದಾ ಅವ್ವಾ?”

“ಹೇಳಿದ್ರೆ ನೀನು ಬುಡ್ತಿದ್ಯಾ?”

 ಅನ್ನ ಕಲಸುತ್ತಿದ್ದ ಗಂಡನಿಗೆ ನಗು ತಡೆಯಲಾಗಲಿಲ್ಲ. ಮಾರನೇ ದಿನ ಮೀನುಮರಿಯವನಿಗೆ ಫೋನ್ ಮಾಡಿ ಉಪಾಯ ಕೇಳಿದರು. ನಾಲ್ಕು ವಿರಾಲ್ ಬಿಡಿ ಎಂದನಂತೆ ಅವನು. ವಿರಾಲ್ ಅಂದರೆ ಹಾವಿನಂಥ ತಲೆಯ, ಸಣ್ಣ ಮೀನು ಹಿಡಿದು ತಿನ್ನುವ ಮೀನು. ಅವನ್ನು ಬಿಟ್ಟ ಮೇಲೆ ಜಿಲೇಬಿ ಮರಿಗಳು ಹಿಡಿತಕ್ಕೆ ಬಂದವು, ರೋಹು ಮೈ ತುಂಬಿಕೊಂಡವು.

ಅತ್ತೆಗೆ ಮಾತ್ರ ವಿರಾಲ್ ಕಂಡರೆ ಆಗುವುದಿಲ್ಲ. ಹೊಂಡದಲ್ಲಿ ನಮ್ಮ ಕಡೆಯ ನೀರಿನದೇ ಮೀನು ಅಂದರೆ ಅದೊಂದೇ ಎಂದು ನಾನು ಹೇಳಿದರೂ ಕೇಳುವುದಿಲ್ಲ. ಉಸಿರಿಗೆಂದು ಅದು ಮೇಲೆ ಬಂದರೆ ಸಾಕು, ಮಣ್ಣುಹೆಂಟೆ ಎತ್ತಿ ಎಸೆಯುತ್ತಾರೆ.