ಶಾಂಭವಿ ಅಲುಗಾಡದೆ ಕೂತ ಹೊತ್ತು

ಮಟಕಿ ಊರಿನ ಗುರುಶಾಂತನಿಗೆ ಆಳಂದದಲ್ಲಿ ಒಂದು ಫೋಟೋ ಅಂಗಡಿ. ಮದುವೆ, ಕುಬಸ, ತೊಟ್ಟಿಲು ಎಂದು ಯಾವ ಕಾರ್ಯವಿದ್ದರೂ ಖಜೂರಿಯಿಂದ ಕಿಣ್ಣಿ ಸುಲ್ತಾನದವರೆಗೆ ಜನ ಅವನನ್ನೇ ಕರೆಯುತ್ತಿದ್ದರು. ಒಂದೊಂದು ಮದುವೆಗೆ ಅವನು ತೆಗೆಯುತ್ತಿದ್ದ ಚಿತ್ರಗಳಿಗೆ ಲೆಕ್ಕವಿರಲಿಲ್ಲ. ಮದುಮಗಳು ರೆಪ್ಪೆ ಬಡಿದರೂ ಚಿಂತೆಯಿಲ್ಲ, ಅದರ ಬೆನ್ನಿಗೇ ಇನ್ನೊಂದಿಷ್ಟು ಇರುತ್ತಿದ್ದವು. ಆಲ್ಬಮ್ ಕೊಟ್ಟ ಮೇಲೆ ಅದನ್ನು ಯಾರು ತೆರೆದು ನೋಡುತ್ತಾರೆ ಎಂದು ಅವನು ಯೋಚಿಸಿದವನೇ ಅಲ್ಲ.

ಹೆಂಡತಿ ಶಾಂಭವಿ ಜೇವರ್ಗಿಯಲ್ಲಿ ನರ್ಸು. ಮದುವೆಯಾದ ಮರುವರ್ಷವೇ ನೌಕರಿ ಸಿಕ್ಕಿ ಹೋದಳು. ಇವತ್ತಲ್ಲ ನಾಳೆ ಈ ಕಡೆ ವರ್ಗ ಆಗುತ್ತದೆ ಎಂದು ಇಬ್ಬರೂ ನಂಬಿದ್ದರು. ಮೊದಮೊದಲು ವಾರದ ಕೊನೆಗೆ ಬರುತ್ತಿದ್ದಳು. ಆದರೆ ಇವನ ಮದುವೆಗಳೂ ಅವೇ ದಿನ. ಅವಳು ಮನೆಗೆ ಬಂದರೆ ಇವನು ಯಾರದೋ ಹಂದರದ ಕೆಳಗೆ ಕ್ಯಾಮರಾ ಹಿಡಿದು ನಿಂತಿರುತ್ತಿದ್ದ. ಆಮೇಲೆ ಹಬ್ಬಕ್ಕೆ ಬಂದಳು. ಆಮೇಲೆ ಬರೀ ಫೋನು. ಜಗಳವೆಂಬುದು ಆಗಲೇ ಇಲ್ಲ. ಆಗಿದ್ದರೆ ಹಿರಿಯರು ಕೂತು ರಾಜಿ ಮಾಡಿಸುತ್ತಿದ್ದರು. ಇದು ಹಾಗಲ್ಲ, ಬೇಸಿಗೆಯ ಹಳ್ಳದ ನೀರಿನಂತೆ ಯಾವಾಗ ಬತ್ತಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಅಂಥದೊಂದು ಚಳಿಗಾಲದಲ್ಲಿ ಅಫಜಲಪುರದಲ್ಲಿ ಒಂದು ಮದುವೆ. ಬೀಗರು ಬರುವುದು ತಡವಾಗಿ ಗುರುಶಾಂತ ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದ. ಎದುರಿನ ಗೋಡೆಯ ಮೇಲೆ ಅಂಗೈಯಗಲದ ಒಂದು ಕಪ್ಪುಬಿಳಿ ಚಿತ್ರ. ಒಬ್ಬ ಮುದುಕ, ಒಬ್ಬ ಮುದುಕಿ. ಹಿಂದೆ ಒಂದು ಚಾದರ ಇಳಿಬಿಟ್ಟಿದ್ದಾರೆ, ಅಷ್ಟೇ. ಮುದುಕನ ತಲೆಯ ಪಟಗದ ಒಂದೊಂದು ಮಡಿಕೆಯೂ ಎಣಿಸುವಂತಿತ್ತು. ಮುದುಕಿ ಉಸಿರು ಬಿಗಿಹಿಡಿದಂತೆ, ಈಗಷ್ಟೇ ಏನೋ ಹೇಳಲಿದ್ದವಳಂತೆ ನೋಡುತ್ತಿದ್ದಳು. ಗುರುಶಾಂತ ಎದ್ದು ಹತ್ತಿರ ಹೋದ. ಬೀಗರು ಬಂದರು, ವಾಲಗ ಶುರುವಾಯಿತು, ಯಾರೋ ಕೂಗಿದರು. ಅವನಿಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

"ಇದು ಯಾರು ತಗದದ್ರಿ?" ಎಂದು ಮನೆಯ ಯಜಮಾನನನ್ನು ಕೇಳಿದ.

"ಮುರ್ತುಜಾ ಚಾಚಾರಿ. ತಹಸೀಲ್ ಆಫೀಸ್ ಮುಂದ ಫೋಟೋ ಡಬ್ಬಿ ಇಟ್ಕೊಂಡು ಕೂಡ್ತಿದ್ರು. ಈಗ ಮನ್ಯಾಗೇ ಇರ್ತಾರ."

ಮರುವಾರವೇ ಗುರುಶಾಂತ ಮುರ್ತುಜಾನ ಮನೆ ಹುಡುಕಿಕೊಂಡು ಹೋದ. ಮುದುಕನ ಕೈ ನಡುಗುತ್ತಿತ್ತು, ಮಾತು ಮಾತ್ರ ಗಟ್ಟಿ. ಅಟ್ಟದ ಮೇಲಿಂದ ಇಳಿಸಿದ ಕ್ಯಾಮರಾ ಎಂದರೆ ಮೂರು ಕಾಲಿನ ಮೇಲೆ ನಿಲ್ಲುವ ಒಂದು ಕಟ್ಟಿಗೆಯ ಪೆಟ್ಟಿಗೆ. ಮುಂದೆ ಹಿತ್ತಾಳೆಯ ಮುಚ್ಚಳವಿದ್ದ ಮಸೂರ, ಪಕ್ಕದಲ್ಲಿ ಕೈ ತೂರಿಸಲು ಕಪ್ಪು ಬಟ್ಟೆಯ ತೋಳು, ಮೇಲೆ ಇಣುಕಿ ನೋಡಲು ಕೆಂಪು ಗಾಜಿನ ಕಿಂಡಿ. ಫಿಲ್ಮೇ ಇಲ್ಲ. ಕಾಗದದ ಮೇಲೆ ಬೆಳಕು ಬೀಳಿಸಿ, ಪೆಟ್ಟಿಗೆಯ ಒಳಗಿನ ಎರಡು ತಟ್ಟೆಗಳ ಔಷಧದಲ್ಲಿ ಅಲ್ಲೇ ತೊಳೆಯಬೇಕು. ಆಗ ಬರುವುದು ಉಲ್ಟಾ ಚಿತ್ರ: ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ. ಅದನ್ನು ಮಸೂರದ ಮುಂದಿಟ್ಟು ಮತ್ತೊಮ್ಮೆ ತೆಗೆದರೆ ಸೀದಾ ಚಿತ್ರ.

"ಕಲಿಸ್ತೀರೇನ್ರಿ ಚಾಚಾ?"

"ನಿನ್ ಕಡಿ ಲಕ್ಷ ರೂಪಾಯಿ ಕ್ಯಾಮರಾ ಅದ. ಇದ್ಯಾಕ ಬೇಕು?"

"ಆ ಮುದುಕಿ ಹಂಗ ನೋಡಾಕತ್ಯಾಳಲ್ರಿ, ನನ್ ಫೋಟೋದಾಗ ಯಾರೂ ಹಂಗ ನೋಡಂಗಿಲ್ಲ."

ಮುರ್ತುಜಾ ಅವನ ಮುಖವನ್ನೊಮ್ಮೆ ದಿಟ್ಟಿಸಿದ. ಒಳಗಿದ್ದ ಹೆಂಡತಿಯನ್ನು ಕರೆದು, "ನಜಮುನ್ನಿಸಾ, ಇವಗೂ ಚಾ ಇಡು. ಇವ ಜಲ್ದಿ ಹೋಗೋ ಪೈಕಿ ಅಲ್ಲ" ಎಂದ.

ಹೀಗೆ ಕಲಿಕೆ ಶುರುವಾಯಿತು. ಸುಗ್ಗಿ ಮುಗಿದು ಬಿಸಿಲು ಏರುವವರೆಗೂ ಗುರುಶಾಂತ ಬಿಡುವಿದ್ದಾಗಲೆಲ್ಲ ಆಳಂದದಿಂದ ಬಸ್ಸು ಹಿಡಿದ. ಕಾಗದವನ್ನು ಪುಣೆಯಿಂದ ತರಿಸಿದ. ಮೊದಲು ಬಂದವೆಲ್ಲ ಹಂಚಿನ ತಳದಂಥ ಕರೀ ಹಾಳೆಗಳು. ಉಗುರುಗಳು ಕಂದುಬಣ್ಣಕ್ಕೆ ತಿರುಗಿದವು, ಅಂಗಿಯ ಹುಳಿವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ಈ ಕಾಗದಕ್ಕೆ ಕೆಂಪು ಕಾಣುವುದಿಲ್ಲ ಎಂಬುದನ್ನು ಕಲಿತ. ಕೆಂಪು ಸೀರೆ ಕತ್ತಲಾಗುತ್ತದೆ, ನೀಲಿ ಆಕಾಶ ಸುಣ್ಣವಾಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಕೂತರೂ ಹೊಲ, ಬಣವೆ, ಜನರ ರುಮಾಲು ಎಲ್ಲವನ್ನೂ ಕಾಗದದ ಕಣ್ಣಿನಿಂದಲೇ ನೋಡತೊಡಗಿದ.

ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವುದು. ಮುಚ್ಚಳ ತೆಗೆದು, ಕಾಗದ ಬೆಳಕು ಕುಡಿಯುವ ತನಕ ಎದುರಿಗಿದ್ದವರು ಅಲುಗಾಡಬಾರದು. ಆ ಹೊತ್ತಿನಲ್ಲಿ ಗುರುಶಾಂತ ಬೇರೆಲ್ಲೋ ನೋಡಿದರೆ ಮುರ್ತುಜಾ ಮೊಣಕೈಯಿಂದ ತಿವಿಯುತ್ತಿದ್ದ.

"ಡಬ್ಬಿ ನೋಡಬ್ಯಾಡಲೇ, ಮನಷ್ಯಾನ್ನ ನೋಡು. ನೀ ನೋಡಿದ್ರ ಅವರೂ ನೋಡ್ತಾರ."

ಒಂದು ದಿನ ನಜಮುನ್ನಿಸಾಳ ಚಿತ್ರ ಸರಿಯಾಗಿ ಮೂಡಿತು. ಮುರ್ತುಜಾ ಅದನ್ನು ಬಿಸಿಲಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ. ಆಮೇಲೆ, "ಡಬ್ಬಿ ತಗೊಂಡು ಹೋಗು. ನಿನಗ ಯಾರ ಮಾರಿ ನೋಡಬೇಕಾಗ್ಯಾದ ಅವರದೊಂದು ತಗದು ತಾ" ಎಂದ.

ಯಾರ ಮುಖ ಎಂದು ಗುರುಶಾಂತ ಯೋಚಿಸಬೇಕಾಗಿ ಬರಲಿಲ್ಲ.

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಭೀಮೆಯನ್ನು ದಾಟಿ ಜೇವರ್ಗಿಗೆ ಹೋದ. ಶಾಂಭವಿ ಬಾಡಿಗೆ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವನನ್ನು ನೋಡಿದ್ದೇ ಅವಳ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು.

"ಏನ್ರಿ ಇದು? ಹೇಳದೇ ಕೇಳದೇ? ಈ ಪೆಟಿಗಿ ಏನು?"

"ನಿನ್ನೊಂದು ಫೋಟೋ ತಗೀಬೇಕಂತ ಬಂದೇನಿ."

"ಮದಿವಿ ಸೀಜನ್ ಇಲ್ಲೇನು?" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

"ಅದ. ಅಂಗಡಿ ಹುಡುಗ ಜಗದೇವಗ ಒಪ್ಪಿಸಿ ಬಂದೇನಿ."

ಅವಳು ಮುಖ ತೊಳೆದು, ಡ್ಯೂಟಿಯ ಬಿಳಿ ಸೀರೆಯಲ್ಲೇ ಬೇವಿನ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತಳು. ಮೊದಲ ಸಲ ನಕ್ಕುಬಿಟ್ಟಳು. ಕಾಗದದ ಮೇಲೆ ಮುಖವೆಲ್ಲ ಹೊಗೆಯಾಯಿತು. "ಇನ್ನೊಮ್ಮೆ," ಎಂದ ಗುರುಶಾಂತ. ಮುಚ್ಚಳ ತೆಗೆದ.

ಅವಳು ಅಲುಗಾಡಲಿಲ್ಲ. ಅವನೂ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಅವಳನ್ನೇ ನೋಡಿದ. ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಗುರುತಿತ್ತು. ಅದು ಯಾವಾಗ ಆಯಿತೋ ಅವನಿಗೆ ಗೊತ್ತಿರಲಿಲ್ಲ. ಕಣ್ಣ ಕೆಳಗೆ ನಿದ್ದೆಗೆಟ್ಟ ನೆರಳು. ಅವಳ ನೋಟ ಮೊದಲು ಮಸೂರದ ಮೇಲಿತ್ತು, ಮೆಲ್ಲಗೆ ಸರಿದು ಅವನ ಮೇಲೆ ನಿಂತಿತು. ಬೀದಿಯಲ್ಲಿ ಟ್ರ್ಯಾಕ್ಟರ್ ಹೋದ ಸದ್ದು ಎಲ್ಲೋ ದೂರದ್ದೆನಿಸಿತು. ಮುಚ್ಚಳ ಹಾಕಬೇಕಾದ ಹೊತ್ತು ಮೀರಿತೇನೋ ಎಂದು ಅವನು ಗಾಬರಿಯಿಂದ ಮುಚ್ಚಿದ.

ತೋಳಿನೊಳಗೆ ಕೈ ತೂರಿಸಿ ತೊಳೆದು, ಹಸಿ ಕಾಗದವನ್ನು ಹೊರಗೆ ತೆಗೆದ. ಉಲ್ಟಾ ಚಿತ್ರ. ಶಾಂಭವಿ ಬಗ್ಗಿ ನೋಡಿದಳು. ಕಪ್ಪು ಕೂದಲು ಹತ್ತಿಯಂತೆ ಬೆಳ್ಳಗಾಗಿತ್ತು.

"ಅಯ್ಯ, ಮುದುಕಿ ಆಗೇನಲ್ರಿ!"

ಇವಳ ಕೂದಲು ನಿಜವಾಗಿ ನರೆಯುವಾಗ ತಾನು ಎಲ್ಲಿರುತ್ತೇನೆ ಎಂದು ಯೋಚಿಸುತ್ತಲೇ ಗುರುಶಾಂತ ಆ ಉಲ್ಟಾ ಚಿತ್ರವನ್ನು ಮಸೂರದ ಮುಂದಿಟ್ಟ.

ಸೀದಾ ಚಿತ್ರ ಮೂಡಿದ ಮೇಲೆ ಅವಳು ಅದನ್ನು ನೀರಿನ ಬೋಗುಣಿಯಿಂದ ತಾನೇ ಎತ್ತಿಕೊಂಡಳು. ಕಾಗದಕ್ಕೆ ಕಾಣದ ಕೆಂಪು ಕುಂಕುಮ ಹಣೆಯ ನಡುವೆ ಕಾಡಿಗೆಯಷ್ಟು ಕಪ್ಪಾಗಿತ್ತು. ಬಹಳ ಹೊತ್ತು ನೋಡಿದಳು.

"ನನ್ನ ಹಿಂಗ ಎಂದೂ ನೋಡಿದ್ದಿಲ್ಲ ನೀವು," ಎಂದಳು.

"ಇಲ್ಲ."

"ನಾನೂ ನೋಡಿದ್ದಿಲ್ಲ ಬಿಡ್ರಿ."

ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಊಟ ಮುಗಿಯುವ ಹೊತ್ತಿಗೆ ಡ್ಯೂಟಿಗೆ ವೇಳೆಯಾಯಿತು. ಮನೆಗೆ ಬಾ ಎನ್ನಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಹಾಗೇ ಉಳಿಯಿತು. ಈ ಊರಿನಲ್ಲಿ ಅವಳನ್ನು ಕಾಯುವ ಹೆರಿಗೆಗಳಿದ್ದವು, ಹೆಸರು ಹಿಡಿದು ಕೂಗುವ ಜನರಿದ್ದರು. ಸೀದಾ ಚಿತ್ರ ಅವಳ ಬಳಿ ಉಳಿಯಿತು, ಉಲ್ಟಾದ್ದು ಇವನ ಜೊತೆ ಬಂತು.

ಮುರ್ತುಜಾ ಅದನ್ನೇ ನೋಡಿ, "ಸೀದಾದ್ದು ಎಲ್ಲಿ?" ಎಂದು ಕೇಳಿದ.

"ಆಕಿ ಕಡಿ ಅದರಿ."

"ಛಲೋ ಆಯ್ತು," ಎಂದ ಮುದುಕ. ಪೆಟ್ಟಿಗೆಯನ್ನು ವಾಪಸು ಕೇಳಲಿಲ್ಲ.

ಮುಂಗಾರು ಹಿಡಿದ ಮೇಲೆ ಒಂದು ಸಂಜೆ ಶಾಂಭವಿಯ ಫೋನು ಬಂತು. ಯಾವತ್ತೂ ಅವನೇ ಮಾಡುತ್ತಿದ್ದದ್ದು.

"ನಮ್ಮ ಮನಿ ಮಾಲಕಿ ಬಾಳಮ್ಮ ಆ ಫೋಟೋ ನೋಡಿ ತನ್ನದೂ ಬೇಕಂತಾಳ್ರಿ."

"ನಾಳಿಗೇ ಬರ್ತೇನಿ."

"ನಾಳಿಗಿ ಬ್ಯಾಡ. ಮೋಡ ಕವಿದಾದ, ನಿಮ್ಮ ಡಬ್ಬಿಗಿ ಬೆಳಕು ಸಾಲಂಗಿಲ್ಲ. ಮಳಿ ನಿಂತ ಮ್ಯಾಲ ಬರ್ರಿ," ಎಂದಳು. ಸ್ವಲ್ಪ ತಡೆದು, "ಬಂದ್ರ ಎರಡು ದಿನ ಇರೋ ಹಂಗ ಬರ್ರಿ," ಎಂದು ಇಟ್ಟುಬಿಟ್ಟಳು.

ಆ ವರ್ಷ ಮಳೆ ಹದವಾಗಿ ಹಿಡಿದು, ಮೋಡ ಚದುರಲೇ ಇಲ್ಲ. ಮಟಕಿಯಲ್ಲಿ ತೊಗರಿ ಎದೆಯೆತ್ತರ ಬೆಳೆದು, ಹೊಲದ ಬದುವಿನಲ್ಲಿ ಸಿಕ್ಕವರೆಲ್ಲ ಇನ್ನೊಂದಿಷ್ಟು ಆಗಲಿ ಎನ್ನುತ್ತಿದ್ದರು. ಗುರುಶಾಂತ ಹೂಂಗುಟ್ಟುತ್ತಿದ್ದ. ರೈತರ ನಡುವೆ ನಿಂತು ಬಿಸಿಲು ಬೇಕು ಎಂದು ಬಾಯಿ ಬಿಟ್ಟು ಹೇಳುವುದು ಹೇಗೆ? ಅಂಗಡಿಯ ಕಟ್ಟೆಯ ಮೇಲೆ ಕೂತು, ಜೇವರ್ಗಿಯ ದಿಕ್ಕಿನಲ್ಲಿ ಮೋಡ ಎಲ್ಲಾದರೂ ತೆಳುವಾಯಿತೇ ಎಂದು ದಿನವೂ ಕತ್ತೆತ್ತಿ ನೋಡುತ್ತಿದ್ದ.