ಮೈಸೂರಿನಲ್ಲಿ ಬರೆದ ಮೊದಲ ಅರ್ಜಿ

“ಅಯ್ಯೋ, ಕಿತ್ಬುಟ್ರಲ್ಲವ್ವ! ಅದು ನಿಮ್ಗಲ್ಲ, ಹುಳಕ್ಕೆ.”

ಮೈಸೂರಿಗೆ ಬಂದು ಎರಡು ವಾರವೂ ಆಗಿರಲಿಲ್ಲ. ಜಯಲಕ್ಷ್ಮಿಪುರಂನ ಉದ್ಯಾನವೊಂದರಲ್ಲಿ ಚೆಂಡು ಹೂ ಹಿಡಿದುಕೊಂಡು ಕಳ್ಳಿಯಂತೆ ನಿಂತಿದ್ದೆ. ಎದುರಿಗೆ ಖಾಕಿ ಅಂಗಿಯ, ಅರವತ್ತರ ಆಸುಪಾಸಿನ ಮಾಲಿ. ನಮ್ಮ ಮುದ್ದೇಬಿಹಾಳದಲ್ಲಿ ಹೂವೆಂದರೆ ಒಂದೋ ದೇವರಿಗೆ, ಇಲ್ಲವೇ ತುರುಬಿಗೆ. ಹುಳಕ್ಕೆಂದು ಹೂ ಬೆಳೆಸುವ ಊರೂ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಮಾಲಿಯ ಹೆಸರು ನಿಂಗಯ್ಯ. ಬೈದ ಮೇಲೆ ಅವರೇ ಕರೆದು ತೋಟ ತೋರಿಸಿದರು. ಉದ್ಯಾನದ ಒಂದು ಮೂಲೆಯನ್ನು ಜೇನು, ಚಿಟ್ಟೆ, ದುಂಬಿಗಳಿಗೆಂದೇ ಬಿಟ್ಟಿದ್ದರು. ‘ಪರಾಗಸ್ಪರ್ಶಿಗಳ ತೋಟ’ ಎಂದು ಫಲಕವಿತ್ತು. ತುಳಸಿ, ಎಕ್ಕ, ದಾಸವಾಳ, ಸಾಲಾಗಿ ನಿಂಬೆ ಮತ್ತು ಕರಿಬೇವು. ಕರಿಬೇವಿನ ಎಲೆಗಳೆಲ್ಲ ತೂತು ತೂತು. ಮೇಲೆ ಹಸಿರು ಹುಳಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ನಮ್ಮ ಕಡೆಯಾಗಿದ್ದರೆ ಅಷ್ಟೊತ್ತಿಗೆ ಬೂದಿ ಎರಚಿರುತ್ತಿದ್ದೆವು.

“ಇವೇ ನಾಳೆ ಚಿಟ್ಟೆ ಆಗಾದು. ಎಲೆ ತೂತಾದ್ರೆ ನನ್ ಕೆಲ್ಸ ಚೆಂದಾಗೈತೆ ಅಂತ ಲೆಕ್ಕ,” ಎಂದು ನಿಂಗಯ್ಯ ನಕ್ಕರು.

ನಮ್ಮ ಮನೆಯವರಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಹಿನಕಲ್‌ನಲ್ಲಿ ಮೊದಲ ಮಹಡಿಯ ಎರಡು ಕೋಣೆ ಹಿಡಿದೆವು. ಅವರು ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ನಡುವಿನ ಹಗಲು ನನ್ನದು. ಆ ಹಗಲನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕನ್ನಡದ ಊರಿಂದ ಕನ್ನಡದ ಊರಿಗೇ ಬಂದಿದ್ದೆ, ಆದರೂ ಬಾಯಿ ತೆರೆದರೆ ಜನ ತಿರುಗಿ ನೋಡುತ್ತಿದ್ದರು. ಸೊಪ್ಪಿನವಳನ್ನು “ಪಲ್ಯ ಏನೇನು ಅದಾವ?” ಎಂದು ಕೇಳಿದರೆ, “ಪಲ್ಯ ಹೋಟ್ಲಲ್ಲಿ ಸಿಗುತ್ತೆ ಕಣಮ್ಮ, ನನ್ತಾವ ಸೊಪ್ಪಿರೋದು” ಅಂದಳು. ನಮ್ಮಲ್ಲಿ ಹಸಿ ಸೊಪ್ಪೇ ಪಲ್ಯ, ಇಲ್ಲಿ ಬೇಯಿಸಿ ಒಗ್ಗರಣೆ ಹಾಕಿದರೆ ಮಾತ್ರ ಪಲ್ಯ. ಅವಳ ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಊರಲ್ಲಿ ನಾನು ಯಾರಿಗೂ ಬೇಡದವಳಾಗಿರಲಿಲ್ಲ. ತಹಶೀಲ್ದಾರ್ ಕಚೇರಿಯ ಎದುರು ಬೇವಿನ ಮರದ ಕೆಳಗೆ ನನ್ನದೊಂದು ಮೇಜಿತ್ತು. ಅರ್ಜಿ ಬರೆಯುವುದು ನನ್ನ ಕಸುಬು. ವಿಧವಾ ವೇತನ, ಪಹಣಿ ತಿದ್ದುಪಡಿ, ದಾರಿ ತಕರಾರು, ಹದಿನಾಲ್ಕು ವರ್ಷ ಊರಿನ ಕಷ್ಟಗಳೆಲ್ಲ ನನ್ನ ಅಕ್ಷರದಲ್ಲೇ ಸಾಹೇಬರ ಮುಂದೆ ಹೋದವು. ಮೈಸೂರಿನಲ್ಲಿ ನನ್ನ ಅಕ್ಷರ ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ದಿನಾ ಮುಕ್ಕಾಲು ಗಂಟೆ ನಡೆದು ಆ ತೋಟಕ್ಕೆ ಹೋಗುವುದು ರೂಢಿಯಾಯಿತು. ನಿಂಗಯ್ಯನವರನ್ನು ನಮ್ಮ ಕಡೆಯವರಂತೆ ಕಾಕಾ ಎಂದು ಕರೆದೆ. “ಇಲ್ಲಿ ಕಾಕಾ ಅಂದ್ರೆ ಟೀ ಅಂಗ್ಡಿಯೋರು ಕಣವ್ವ” ಎಂದು ರೇಗಿಸಿದರೂ ಓಗೊಟ್ಟರು. ಅವರೂ ಹಿನಕಲ್‌ನವರೇ. ನಾನು ಬಾಡಿಗೆಗಿದ್ದ ಬೀದಿಯಲ್ಲಿ ಅವರ ಅಪ್ಪ ರಾಗಿ ಬೆಳೆದಿದ್ದರಂತೆ. “ನೀವು ಊರು ಬುಟ್ಟು ಬಂದ್ರಿ. ನಾವು ಇದ್ದಲ್ಲೇ ಇದ್ವಿ, ಊರೇ ನಮ್ಮನ್ನ ಬುಟ್ಟು ಹೋಯ್ತು” ಅಂದರು ಒಮ್ಮೆ, ಬುಡಕ್ಕೆ ನೀರು ಹನಿಸುತ್ತ.

ತೋಟದ ಪಕ್ಕದ ಕಲ್ಲುಬೆಂಚಿನಲ್ಲಿ ವಾಯುವಿಹಾರಕ್ಕೆ ಬಂದ ಹೆಂಗಸರು ಕೂರುತ್ತಿದ್ದರು. ಅವರಲ್ಲಿ ಹಿರಿಯರು ವಿಶಾಲಾಕ್ಷಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ. “ಯಾವ ಕಡೆಯವರು?” ಎಂದು ಕೇಳಿದ್ದರು. ವಿಜಯಪುರದ ಕಡೆ ಎಂದೆ. “ಓ, ಬಿಸಿಲು ಜಾಸ್ತಿ ಅಲ್ವೇನ್ರೀ” ಎಂದು ಮತ್ತೆ ತಮ್ಮವರ ಕಡೆ ತಿರುಗಿದರು. ಎಂಟು ತಿಂಗಳು ನಮ್ಮ ನಡುವೆ ಓಡಾಡಿದ್ದು ಅಷ್ಟೇ ಮಾತು, ಮತ್ತೊಂದಿಷ್ಟು ಮುಗುಳ್ನಗೆ.

ಮಳೆಗಾಲ ಮುಗಿದ ಮೇಲೆ ತೋಟದ ಅಂಚಿನ ಎತ್ತರದ ಮರಕ್ಕೆ ಹೆಜ್ಜೇನು ಬಂದು ಕೂತವು. ಮೊರದಗಲದ ಮೂರು ಜೇನುಹಟ್ಟಿ, ಕಪ್ಪಗೆ ತೂಗುತ್ತಿದ್ದವು. ನಿಂಗಯ್ಯ ಮರದ ಸುತ್ತ ಹಗ್ಗ ಕಟ್ಟಿದರು, ರಟ್ಟಿನ ಮೇಲೆ ‘ಜೇನು ಇದೆ, ಬರಬೇಡಿ’ ಎಂದು ನನ್ನ ಕೈಯಲ್ಲೇ ಬರೆಸಿ ತೂಗುಹಾಕಿದರು. “ನಾವು ಅವುಕ್ಕೇನೂ ಮಾಡ್ದಿದ್ರೆ ಅವೂ ಏನೂ ಮಾಡಲ್ಲ. ಬ್ಯಾಸ್ಗೆ ಕಳುದ್ರೆ ತಾವೇ ಹೊಂಟೋಯ್ತವೆ. ಅವೂ ನಿಮ್ಮಂಗೇ ಊರಿಂದೂರಿಗೆ ಬರೋವು.”

ಒಂದು ಬೆಳಿಗ್ಗೆ ಹದ್ದೊಂದು ಹಟ್ಟಿಗೆ ಎರಗಿತು. ನಿಂಗಯ್ಯ, “ಎಲ್ರೂ ಆಚೆ ಹೋಗಿ, ಜೇನು ಎದ್ದವೆ!” ಎಂದು ಕೂಗುತ್ತ ಓಡಿದರು. ಎಲ್ಲರೂ ಹೊರಗೋಡಿದೆವು. ನಿವೃತ್ತ ಅಧಿಕಾರಿಯೊಬ್ಬರು ಮಾತ್ರ ಕಿವಿಗೆ ಏನೋ ಸಿಕ್ಕಿಸಿಕೊಂಡು ಹಗ್ಗ ಎತ್ತಿ ಅದರ ಅಡಿಯಿಂದಲೇ ನಡೆದರು. ನಾನು ಗೇಟಿನಿಂದ ಕಣ್ಣಾರೆ ಕಂಡೆ. ಅವರನ್ನು ಎಳೆದುಕೊಂಡು ಬಂದವರೂ ನಿಂಗಯ್ಯನವರೇ. ಇಬ್ಬರ ಮುಖವೂ ಊದಿತ್ತು. ಅಧಿಕಾರಿಗಳು ಎರಡು ದಿನ ಆಸ್ಪತ್ರೆಯಲ್ಲಿದ್ದರು. ನಿಂಗಯ್ಯ ಸುಣ್ಣ ಹಚ್ಚಿಕೊಂಡು ಮರುದಿನ ಕೆಲಸಕ್ಕೆ ಬಂದರು.

ಆ ವಾರವೇ ವಿಶಾಲಾಕ್ಷಮ್ಮನವರ ಮನೆಯಲ್ಲಿ ಸಭೆ. ಅಂದು ಅಲ್ಲಿದ್ದವಳೆಂದು ನನ್ನನ್ನೂ ಕರೆದಿದ್ದರು. ಜೇನು ತೆಗೆಸಬೇಕು, ಆ ಪೊದೆಗಳನ್ನೂ ತೆಗೆಸಿ ಹುಲ್ಲುಹಾಸು ಮಾಡಿಸಬೇಕು ಎಂದು ಎಲ್ಲರದೂ ಒಂದೇ ಮಾತು. ಪಾಲಿಕೆಗೆ ಅರ್ಜಿ ಯಾರು ಬರೆಯುವುದೆಂಬ ಪ್ರಶ್ನೆ ಬಂದಾಗ ನನ್ನ ಬಾಯಿಂದ ಹೊರಬಿತ್ತು: “ನಾ ಬರೀತೀನ್ರಿ. ಊರಾಗ ಅದ ನನ್ನ ಕೆಲಸ ಇತ್ತು.”

ಎಲ್ಲರೂ ನನ್ನ ಕಡೆ ನೋಡಿದರು. ಮೈಸೂರಿಗೆ ಬಂದ ಮೇಲೆ ಅಷ್ಟು ಜನ ಒಟ್ಟಿಗೆ, ನಗದೆ, ನನ್ನನ್ನು ನೋಡಿದ್ದು ಅದೇ ಮೊದಲು. ಕಾಫಿ ಬಂತು. ಹಾಳೆ ಬಂತು. ನಾನು ಬರೆಯುತ್ತ ಹೋದೆ.

ಮುಗಿಯುವ ಹೊತ್ತಿಗೆ ಒಬ್ಬರು ಹೇಳಿದರು: “ಮಾಲಿ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ ಅಂತ ಒಂದು ಸೇರಿಸಿ ಕಣ್ರೀ. ಇಲ್ದಿದ್ರೆ ಕಚೇರೀಲಿ ಯಾರೂ ಅಲ್ಲಾಡಲ್ಲ.”

“ಹಗ್ಗ ಕಟ್ಟಿದ್ರಲ್ರಿ…” ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

“ಅವನಿಗೇನೂ ಆಗಲ್ಲಮ್ಮ, ಬರೀ ಒಂದು ಸಾಲು,” ಎಂದರು ವಿಶಾಲಾಕ್ಷಮ್ಮ, ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತ.

ಬರೆದೆ. ಬರೀ ಬರೆಯಲಿಲ್ಲ, ಚೆನ್ನಾಗಿ ಬರೆದೆ. ಎಲ್ಲರ ಜೊತೆ ಕೆಳಗೆ ಸಹಿಯನ್ನೂ ಹಾಕಿದೆ. ಮನೆಗೆ ನಡೆದು ಬರುವಾಗ, ಹೇಳಲು ನಾಚಿಕೆಯಾಗುತ್ತದೆ, ಮನಸ್ಸು ಹಗುರವಾಗಿತ್ತು.

ನಾಲ್ಕು ದಿನದ ಮೇಲೆ ಹೋದಾಗ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಸಂಜೆ ಹೊಗೆ ಹಾಕಿ, ಬೆಂಕಿ ಹಿಡಿದು ಹಟ್ಟಿ ಕೆಡವಿದ್ದರು. ಸುಟ್ಟ ಮೇಣದ ವಾಸನೆ. ನೆಲದ ತುಂಬ ಹುಳಗಳು, ಕೆಲವು ಇನ್ನೂ ರೆಕ್ಕೆ ಅಲ್ಲಾಡಿಸುತ್ತಿದ್ದವು. ಮುಂದಿನ ವಾರ ಕರಿಬೇವು, ನಿಂಬೆ, ಎಕ್ಕ ಎಲ್ಲವನ್ನೂ ಬೇರು ಸಮೇತ ಕಿತ್ತು ಲಾರಿಗೆ ತುಂಬಿದರು. ಕೀಳುತ್ತಿದ್ದವರಲ್ಲಿ ನಿಂಗಯ್ಯ ಇರಲಿಲ್ಲ. ಕೇಳಿದೆ. “ಅವ್ರನ್ನ ತೆಗುದ್ಬುಟ್ರು” ಎಂದ ಹೊಸ ಮಾಲಿ.

ಹುಡುಕಿಕೊಂಡು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. “ಬನ್ನಿ, ಕೂತ್ಕಳಿ” ಎಂದು ಹೆಂಡತಿಗೆ ನೀರು ತರಲು ಹೇಳಿದರು. ಆಮೇಲೆ ತಾವೇ ಶುರುಮಾಡಿದರು: “ನಮ್ ಕಂಟ್ರಾಕ್ಟ್ರು ಅರ್ಜಿ ಓದಿ ಹೇಳುದ್ರು ಕಣವ್ವ. ಯಾರೋ ಬೋ ತಿಳ್ದೋರು ಬರ್ದವ್ರೆ. ಕೇಳ್ತಾ ಕೇಳ್ತಾ ನಂದೇ ತಪ್ಪು ಅನ್ನುಸ್ಬುಡ್ತು.”

“ಕಾಕಾ, ಅದನ್ನ ಬರದಾಕಿ ನಾನ.”

ಅವರು ನನ್ನ ಕಡೆ ತಿರುಗಿದರು. “ಹಗ್ಗ ಕಟ್ಟಿದ್ದು ನೀವು ನೋಡಿದ್ರಲ್ಲ?”

“ನೋಡೀನ್ರಿ.”

ಅವರು ಎದ್ದು ಒಳಗೆ ಹೋದರು. ಹೆಂಡತಿ ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅದನ್ನು ನನಗೆ ಕೊಡಲಿಲ್ಲ. “ಹೊತ್ತಾಯ್ತು, ಮನೆಗೋಗಿ” ಅಂದರು.

ಅಂದೇ ಎರಡನೆಯ ಅರ್ಜಿ ಬರೆದೆ. ಹಗ್ಗ, ರಟ್ಟು, ಕೂಗಿದ್ದು, ಎಳೆದು ತಂದದ್ದು, ಮೊದಲಿನದರಲ್ಲಿ ನಾನು ಬರೆದದ್ದು ಸುಳ್ಳು ಎಂಬುದು, ಎಲ್ಲ. ಸಹಿ ಕೇಳಲು ಬೆಂಚಿಗೆ ಹೋದೆ. ವಿಶಾಲಾಕ್ಷಮ್ಮ ಓದಿ ಮಡಚಿ ನನ್ನ ಕೈಗೇ ಇಟ್ಟರು. “ಆಗಿದ್ದು ಆಗೋಯ್ತು, ಬಿಡಿ. ನೀವೀಗ ನಮ್ಮೋರು. ಯಾಕೆ ಸುಮ್ನೆ?” ಎಂದು ಸರಿದು ಪಕ್ಕದಲ್ಲಿ ಜಾಗ ಮಾಡಿದರು. ನಾನು ಕೂರಲಿಲ್ಲ. ನಾನೊಬ್ಬಳೇ ಸಹಿ ಹಾಕಿ ಪಾಲಿಕೆ ಕಚೇರಿಗೆ ಒಯ್ದೆ. ಗುಮಾಸ್ತ ಎರಡೂ ಅರ್ಜಿ ಮುಂದಿಟ್ಟುಕೊಂಡು, “ಅದ್ರಲ್ಲಿ ಇಡೀ ಹಾಳೆ ತುಂಬಾ ಸಹಿ ಇದೆ, ಇದ್ರಲ್ಲಿ ನಿಮ್ಮದೊಂದೇ” ಎಂದ. ಮೂರು ಸಲ ಹೋದೆ. ನಿಂಗಯ್ಯ ಈಗ ರಿಂಗ್ ರಸ್ತೆಯ ಒಂದು ಗೋದಾಮಿನಲ್ಲಿ ಕಾವಲಿಗಿದ್ದಾರೆಂದು ಕೇಳಿದ್ದೇನೆ. ಅಲ್ಲಿ ಒಂದು ಗಿಡವೂ ಇಲ್ಲವಂತೆ.

ಕಳೆದ ತಿಂಗಳು ತಂಗಿಯ ಮನೆಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ನಾನು ಬಂದ ಸುದ್ದಿ ತಿಳಿದು ಹಳೆಯ ಪರಿಚಯದ ಮುದುಕಿಯೊಬ್ಬಳು ವೇತನದ ಅರ್ಜಿ ಬರೆಸಲು ಬಂದಳು. ಪೆನ್ನು ಹಿಡಿದವಳು, ಎಂದೂ ಕೇಳದ್ದನ್ನು ಕೇಳಿದೆ: “ಆಯಿ, ನೀ ಹೇಳೋದೆಲ್ಲಾ ಖರೇನ ಐತಲ್ಲಾ?”

“ಖರೇ ಅಲ್ಲದ್ದನ್ನ ನೀ ಯಾವಾಗ ಬರದೀಯ, ಮಗಳ?” ಎಂದು ಅವಳು ಬೊಚ್ಚುಬಾಯಿ ತೆರೆದು ನಕ್ಕಳು. ನಾನು ತಲೆಯೆತ್ತದೆ ಬರೆದುಕೊಟ್ಟೆ.

ಮರುದಿನ ಮೈಸೂರಿಗೆ ಮರಳಿದೆ. ಹಿನಕಲ್‌ನಲ್ಲಿ ಬಸ್ಸಿಳಿದರೆ ನಮ್ಮ ಮನೆಗೆ ನಿಂಗಯ್ಯನವರ ಬೀದಿಯೇ ಹತ್ತಿರ. ನಾನು ಬಳಸಿಕೊಂಡು ಹೋಗುತ್ತೇನೆ. ಮುದ್ದೇಬಿಹಾಳದಲ್ಲಿ ಹೀಗೆ ಬಳಸಿ ಹೋಗಬೇಕಾದ ಬೀದಿ ನನಗೆ ಒಂದೂ ಇಲ್ಲ. ಆದರೆ ಅಲ್ಲಿ ಈಗ ನನ್ನ ಮನೆಯೂ ಇಲ್ಲ.