ನಾಜೂಕು ಕಿವಿಯ ಮನೆತನ

ತಗಡಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಬಾಯಿಗೆ ಕೆಲಸವಿರಲಿಲ್ಲ. ಆರು ಕೊಡತಿಗಳು ಒಟ್ಟಿಗೆ ಬಡಿಯುವಾಗ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳಿಸದು. ಹಾಗಾಗಿ ಮಾತೆಲ್ಲ ಕೈಸನ್ನೆಯಲ್ಲಿ. ಹಿಂಬದಿಯಲ್ಲೇ ಮನೆ, ಅಲ್ಲಿಯೂ ಅಭ್ಯಾಸಬಲದಿಂದ ನೀರು ಬೇಕೆಂದರೆ ಬೆರಳು, ಸಾಕೆಂದರೆ ಅಂಗೈ. ಮಕ್ಕಳನ್ನು ಕರೆಯಲು ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದರು. ಇಂಥ ಮನೆಯಲ್ಲಿ ಹುಟ್ಟುಕಿವುಡು ಮಗುವೊಂದು ಐದು ವರ್ಷ ಬೆಳೆದರೂ ಯಾರಿಗೂ ಸುಳಿವು ಹತ್ತಲಿಲ್ಲ. ಮಗು ಮಾತಾಡದಿರುವುದನ್ನು ಕಂಡು, ಗಂಭೀರ ಸ್ವಭಾವ, ಥೇಟ್ ಮುತ್ತಜ್ಜನೇ ಎಂದು ಹಿಗ್ಗಿದರು. ಮುತ್ತಜ್ಜನೂ ಕಿವುಡನಾಗಿದ್ದ ಎಂಬುದು ಆ ಹಿಗ್ಗಿಗೆ ಅಡ್ಡ ಬರಲಿಲ್ಲ.

ಮಗುವಿನ ತಾಯಿ ಪೆಟ್ಟಿಗೆಗಳಿಗೆ ಬಣ್ಣ ಬಳಿಯುವವಳು, ಎಲ್ಲರಿಗೂ ಬಣ್ಣದಕ್ಕ. ಅವಳ ಗಂಡ ಸೋದರತ್ತೆಯ ಮಗ. ಕಾರ್ಖಾನೆಯ ಯಜಮಾನನಾದ ಅವಳ ಅಣ್ಣ ಕಟ್ಟಿಕೊಂಡದ್ದು ಸೋದರಮಾವನ ಮಗಳನ್ನು. ಹೆತ್ತವರೂ ಹಾಗೆಯೇ. ಆ ವಂಶವನ್ನು ಕಾಗದದ ಮೇಲೆ ಬರೆದರೆ ಮರವಾಗುತ್ತಿರಲಿಲ್ಲ, ಹೆಣೆದ ಬುಟ್ಟಿಯಾಗುತ್ತಿತ್ತು. ಇಷ್ಟಕ್ಕೂ ಕಾರಣ ಮುಚ್ಚಳದ ಅಂಚಿನ ಒಂದು ಮಡಿಕೆ. ನೀರು ಇಳಿಯದಂತೆ ತಗಡನ್ನು ಮಡಚುವ ಆ ವಿದ್ಯೆ ಮನೆಯ ಹೆಣ್ಣುಮಕ್ಕಳಿಗೂ ಗೊತ್ತು. ಹೆಣ್ಣು ಹೊರಗೆ ಹೋದರೆ ಗುಟ್ಟೂ ಹೊರಗೆ ಹೋಗುತ್ತದೆಂಬ ಭಯ.

ಶಾಲೆಯವರು ಕಳಿಸಿದ ಮೇಲೆ ನೋಡಿದ ಡಾಕ್ಟರು ಅವಳಿಗೆ ಬಿಡಿಸಿ ಹೇಳಿದ್ದರು: ಗಂಡಹೆಂಡಿರಿಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ, ಅವರ ಕಿವಿ ನೆಟ್ಟಗಿದ್ದರೂ, ಹುಟ್ಟುವ ಪ್ರತಿ ಮಗುವೂ ಕಿವುಡಾಗುವ ಸಾಧ್ಯತೆ ನಾಲ್ಕರಲ್ಲೊಂದು, ರಕ್ತಸಂಬಂಧದಲ್ಲಿ ಇಬ್ಬರೂ ಒಂದೇ ದೋಷ ಹೊತ್ತಿರುವ ಸಂಭವ ಹೆಚ್ಚು. ಮನೆಯವರ ತೀರ್ಪು ಬೇರೆಯಾಗಿತ್ತು: ಕೊಡತಿಯ ಸದ್ದು ಗರ್ಭಕ್ಕೆ ಬಡಿದಿದೆ. ಅಂದಿನಿಂದ ಬಸುರಿಯರು ಹೊಟ್ಟೆಗೆ ಹತ್ತಿಯ ದಿಂಬು ಕಟ್ಟಿಕೊಳ್ಳಬೇಕೆಂದು ಕಟ್ಟಳೆಯಾಯಿತು. ಯಜಮಾನನ ಹೆಂಡತಿ ದಿಂಬು ಕಟ್ಟಿಕೊಂಡೇ ಕಿವುಡು ಮಗಳನ್ನು ಹೆತ್ತಳು. ದಿಂಬು ತೆಳುವಾಯಿತು ಎಂದರು.

ಬಣ್ಣದಕ್ಕ ಇದನ್ನೆಲ್ಲ ನುಂಗಿಕೊಂಡೇ ಹದಿನೈದು ವರ್ಷ ಕಳೆದಳು. ಈಗ ಕಿವುಡು ಮಗನ ಬೆನ್ನಿಗೆ ಹುಟ್ಟಿದ ಮಗಳು, ಕಿವಿ ಚುರುಕಾಗಿದ್ದವಳು, ಮದುವೆಯ ವಯಸ್ಸಿಗೆ ಬಂದಿದ್ದಳು. ಅಣ್ಣ ತನ್ನ ಹಿರಿಮಗನಿಗೆ ಅವಳನ್ನು ಕೇಳಿದ. ಕೇಳಿದ ಎನ್ನುವುದು ಮರ್ಯಾದೆಯ ಮಾತು. ಮಧ್ಯಾಹ್ನ ಕೊಡತಿಗಳು ನಿಂತಾಗ ಎಲ್ಲರೆದುರು ತಿಂಗಳು, ವಾರ ಗೊತ್ತುಮಾಡಿ ತಿಳಿಸಿದ. ಹುಡುಗ ಹುಡುಗಿ ಇಬ್ಬರ ಕಿವಿಯೂ ನೆಟ್ಟಗಿದೆ, ಇನ್ನೇನು ಬೇಕು ಎಂದ. ಬಣ್ಣದಕ್ಕನ ಗಂಡ ಕತ್ತರಿಗೆ ಎಣ್ಣೆ ಬಿಡುತ್ತ ತಲೆ ಎತ್ತಲಿಲ್ಲ.

ಅವಳು ಕುಂಚ ಕೆಳಗಿಟ್ಟಳು. ಮೊಳೆ ಹೊಡೆಯುವ ಕೂಲಿಯಾಳು ಇಪ್ಪತ್ತು ವರ್ಷದಿಂದ ಅಲ್ಲಿದ್ದ. ಅವನ ಹೆಂಡತಿ ಬಸುರಿಯಾಗಿದ್ದಾಗಲೂ ಅಲ್ಲೇ ತಗಡು ಉಜ್ಜಿದವಳು, ಮೂರು ಮಕ್ಕಳು ತೊಟ್ಟಿಲಲ್ಲಿ ಮಲಗಿದ್ದೂ ಅದೇ ಮೂಲೆಯಲ್ಲಿ.

"ಅಣ್ಣಾ, ಇವನ ಮೂರು ಮಕ್ಕಳೂ ಇದೇ ಸದ್ದಲ್ಲಿ ಹುಟ್ಟಿ ಬೆಳೆದ್ರು. ಹಿಂದಿನಿಂದ ಪಿಸುಗುಟ್ಟಿದ್ರೂ ತಿರುಗಿ ನೋಡ್ತಾರೆ. ದಿಂಬಂತೂ ಇರಲಿಲ್ಲ. ಅದು ಹೇಗೆ?"

ಯಜಮಾನ ಒಂದು ಗಳಿಗೆಯೂ ತಡವರಿಸಲಿಲ್ಲ.

"ಅವರದ್ದು ಒರಟು ಕಿವಿ ಕಣಮ್ಮಾ. ನಮ್ಮ ಮನೆತನದ ಕಿವಿ ನಾಜೂಕು."

ಮೊಳೆಯವನು ಕೆಮ್ಮಿದ. ನಗು ಬಂದಾಗ ಅವನಿಗೆ ಕೆಮ್ಮು ಬರುತ್ತಿತ್ತು. ಯಜಮಾನ ಮಡಿಕೆಯ ಗುಟ್ಟಿನ ಮಾತೆತ್ತಿದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ: "ಯಜಮಾನ್ರೇ, ಎದುರಿನ ಅಂಗಡಿಯವರು ಒಂಬತ್ತು ವರ್ಷದಿಂದ ಅದೇ ಮಡಿಕೆ ಹಾಕ್ತಿದ್ದಾರೆ. ನಮ್ಮದಕ್ಕಿಂತ ಬಿಗಿಯಾಗೇ ಇದೆ."

ಮೂರು ತಲೆಮಾರು ತಮ್ಮ ಮಕ್ಕಳನ್ನು ಒತ್ತೆಯಿಟ್ಟು ಕಾಪಾಡಿದ ವಿದ್ಯೆ ಬೀದಿಯ ಆಚೆ ಬದಿಯಲ್ಲಿ ರಾಶಿಗಟ್ಟಲೆ ಬಿದ್ದಿತ್ತು. ನೋಡಲು ಯಾರೂ ರಸ್ತೆ ದಾಟಿರಲಿಲ್ಲ.

ಬಣ್ಣದಕ್ಕ ಮಗಳತ್ತ ತಿರುಗಿ ಹುಬ್ಬೆತ್ತಿದಳು. ಹುಡುಗಿ ಅಂಗೈ ಮಗುಚಿ ಪಕ್ಕಕ್ಕೆ ತಳ್ಳಿದಳು. ಸೀಳುಬಿಟ್ಟ ತಗಡನ್ನು ವಾಪಸು ಕಳಿಸುವಾಗ ಅಲ್ಲಿ ಮಾಡುವ ಸನ್ನೆ ಅದು. ಹುಡುಗಿಯ ಕಿವುಡು ಅಣ್ಣನಿಂದ ಹಿಡಿದು ಯಜಮಾನನವರೆಗೆ ಎಲ್ಲರಿಗೂ ಅರ್ಥವಾಯಿತು.

"ಕೊಡಲ್ಲ ಅಣ್ಣಾ," ಎಂದಳು ಬಣ್ಣದಕ್ಕ.

ಇಷ್ಟು ವರ್ಷ ಬಣ್ಣದ ವಾಸನೆ ಕುಡಿದು ತಂಗಿಯ ತಲೆ ಕೆಟ್ಟಿದೆ ಎಂದು ಯಜಮಾನ ಕಂಡುಹಿಡಿದ. ಕಾರಣ ಹುಡುಕುವುದರಲ್ಲಿ ಆ ಮನೆಗೆ ಎಂದೂ ಬಡತನವಿರಲಿಲ್ಲ. ಮರುದಿನ ಅವಳ ಬಣ್ಣದ ಡಬ್ಬಿಗಳು ಬಾಗಿಲ ಹೊರಗಿದ್ದವು, ತಾಯಿ ಮಗಳಿಬ್ಬರೂ ಮನೆ ಬಿಟ್ಟರು. ಬಣ್ಣದಕ್ಕನ ಕಿರಿಯ ತಮ್ಮನೂ ಅದೇ ಕಾರ್ಖಾನೆಯಲ್ಲಿದ್ದ; ವಾರದೊಳಗೆ ಯಜಮಾನನ ಮಗನಿಗೆ ಆ ತಮ್ಮನ ಹೆಂಡತಿಯ ತಂಗಿಯನ್ನು, ಅದೇ ಬುಟ್ಟಿಯ ಇನ್ನೊಂದು ಎಳೆಯನ್ನು, ಗೊತ್ತುಮಾಡಿದರು.

ಬಣ್ಣದಕ್ಕ ತಮ್ಮನ ಹೆಂಡತಿಯಾದ ಆ ನಾದಿನಿಯನ್ನು ಕೂರಿಸಿಕೊಂಡು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ನಾದಿನಿ ಪೂರ್ತಿ ಕೇಳಿಸಿಕೊಂಡಳು. ಅವಳ ಕಿವಿಗೆ ಯಾವ ದೋಷವೂ ಇರಲಿಲ್ಲ.

"ನೀವು ಹೇಳೋದು ಸರಿ ಅತ್ತಿಗೆ. ಆದ್ರೆ ಬೇಡ ಅಂದ್ರೆ ನಮ್ಮನ್ನೂ ಹೊರಗೆ ಹಾಕ್ತಾರಲ್ಲ."

"ಹಾಕ್ತಾರೆ," ಎಂದಳು ಬಣ್ಣದಕ್ಕ. "ನನ್ನ ಮಗಳು ಹೊರಗಿದ್ದಾಳೆ. ಚೆನ್ನಾಗೇ ಇದ್ದಾಳೆ."